ಪುಸ್ತಕ ತೆರೆದು ಪರೀಕ್ಷೆ: ಬಳ್ಳಾರಿಯಿಂದ ಶುರುವಾದ ಒಂದು ಹಳೇ ಜಗಳ

ಭಾಗ 1/7

2026-27ರಿಂದ ಒಂಬತ್ತನೇ ಕ್ಲಾಸಿಗೆ ಓಪನ್ ಬುಕ್ ಪರೀಕ್ಷೆ ತರೋಕೆ ಸಿಬಿಎಸ್‌ಇ ಒಪ್ಪಿದೆ ಅಂತ 2025ರಲ್ಲಿ ಸುದ್ದಿ ಬಂತಲ್ಲ, ಆಗ ನಾನು ಕೇಳಿದ ಮಾತು ಎರಡೇ ಥರ. ಒಂದು, "ಪುಸ್ತಕ ನೋಡ್ಕೊಂಡು ಬರೆಯೋದೂ ಒಂದು ಪರೀಕ್ಷೆನಾ?" ಇನ್ನೊಂದು, "ಅಯ್ಯೋ, ನಾವು ಓದುವಾಗ ಇದು ಇರಬಾರದಿತ್ತಾ!"

ಈ ಸರಣಿಯಲ್ಲಿ ಸಾಹಿತ್ಯದ ಪೇಪರ್ ಮಾತ್ರ ತಗೊಳ್ತೀನಿ. ಕನ್ನಡ ಇರಲಿ, ಇಂಗ್ಲಿಷ್ ಇರಲಿ, ಕಥೆ-ಪದ್ಯದ ಪರೀಕ್ಷೆಗೆ ಮಕ್ಕಳ ಕೈಯಲ್ಲಿ ಪುಸ್ತಕ ಇರಬೇಕಾ, ಬೇಡವಾ? ಬಿಕಾಂ ಓದೋಳಿಗೆ ಇದೆಲ್ಲ ಯಾಕೆ ಅಂತೀರಾ? ಹೇಳ್ತೀನಿ, ಕೊನೇ ಭಾಗದಲ್ಲಿ ಅದೂ ಬರುತ್ತೆ.

ಇದು ಹೊಸ ಕಾಲದ ಚರ್ಚೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಆದರೆ ಅರ್ಥ ಗೊತ್ತಿಲ್ಲದೆ ಪದ್ಯ ಬಾಯಿಪಾಠ ಮಾಡೋದರ ಬಗ್ಗೆ ಒಬ್ಬ ಅಧಿಕಾರಿ ಬರೆದಿಟ್ಟ ದೂರು ಇನ್ನೂರು ವರ್ಷ ಹಳೇದು. ಅದೂ ಎಲ್ಲಿಯದು ಅಂದ್ರೆ, ನಮ್ಮ ಬಳ್ಳಾರಿಯದು.

ಭಾಗ 2/7

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಿಗೂ ಒಂದು ಆದೇಶ ಕಳಿಸಿದ. ನಿಮ್ಮಲ್ಲಿ ಎಷ್ಟು ಶಾಲೆ ಇವೆ, ಯಾರು ಓದ್ತಾರೆ, ಏನು ಓದ್ತಾರೆ, ಲೆಕ್ಕ ಕೊಡಿ ಅಂತ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಈತ ತೆಲುಗು ವ್ಯಾಕರಣ ಬರೆದವನು, ಹಾಗಾಗಿ ಭಾಷೆ ವಿಷಯದಲ್ಲಿ ಕಿವಿ ಚುರುಕು.

ಆತ ಕೊಟ್ಟ ಲೆಕ್ಕ: ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಅದರಲ್ಲಿ ಕನ್ನಡ ಶಾಲೆ 235, ತೆಲುಗು ಶಾಲೆ 226. ಉಳಿದವು ಸಂಸ್ಕೃತ, ಮರಾಠಿ, ಪರ್ಶಿಯನ್, ತಮಿಳು. ಇಂಗ್ಲಿಷ್ ಶಾಲೆ ಒಂದೇ ಒಂದು.

ಆ ವರದಿಯಲ್ಲಿ ಸಣ್ಣ ಸಣ್ಣ ವಿವರ ತುಂಬಾ ಚೆನ್ನಾಗಿವೆ. ಐದು ವರ್ಷಕ್ಕೆ ಗಣಪತಿ ಪೂಜೆ ಮಾಡಿಸಿ, ಅಕ್ಕಿಯಲ್ಲಿ ಬೆರಳಿಂದ ದೇವರ ಹೆಸರು ಬರೆಸಿ ಮಗೂನ ಶಾಲೆಗೆ ಸೇರಿಸ್ತಿದ್ರು. ಆಮೇಲೆ ಮರಳಿನ ಮೇಲೆ ಬರೆಯೋ ಅಭ್ಯಾಸ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಹೆಸರು. ಎರಡನೆಯವನಿಗೆ ಸೊನ್ನೆ, ಅಂದ್ರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಂದ ಮುಂದಕ್ಕೆ ಏಟು, ಒಂದೊಂದೇ ಜಾಸ್ತಿ. ರ‍್ಯಾಂಕ್ ಇದ್ದಿದ್ದು ಬೇಗ ಬಂದವರಿಗೆ!

ಈಗ ದೂರಿನ ವಿಷಯ. ಮಕ್ಕಳು ಓದ್ತಿದ್ದಿದ್ದು ಹೆಚ್ಚಾಗಿ ಕಾವ್ಯ. ರಾಮಾಯಣ, ಭಾರತ, ಭಾಗವತದ ಜೊತೆಗೆ ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯ, ಚೆನ್ನಬಸವಪುರಾಣ, ಹೀಗೆ. ಆ ಕಾವ್ಯದ ಭಾಷೆಗೂ ಮನೇಲಿ, ಸಂತೇಲಿ ಆಡೋ ಮಾತಿಗೂ ಅಜಗಜಾಂತರ. ಮಕ್ಕಳು ಪದ್ಯದ ಮೇಲೆ ಪದ್ಯ ಗಡಗಡ ಅಂತ ಒಪ್ಪಿಸ್ತಾರೆ, ಆದರೆ ಅರ್ಥ ಗಿಣಿಗೆ ಎಷ್ಟು ಗೊತ್ತೋ ಇವರಿಗೂ ಅಷ್ಟೇ ಗೊತ್ತು ಅಂತ ಕ್ಯಾಂಪ್‌ಬೆಲ್ ಬರೆದ. ಬಿಡಿಸಿ ಹೇಳಬಲ್ಲ ಮೇಷ್ಟ್ರೂ ಕಡಿಮೆ ಅಂದ.

ನಾವು ಇವತ್ತಿಗೂ "ಗಿಣಿಪಾಠ" ಅಂತೀವಲ್ಲ, ಅದೇ ಮಾತು.

ಭಾಗ 3/7

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಂಪ್‌ಬೆಲ್ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ಚಿತ್ರವೂ ಅಲ್ಲ.

ಆಗ ಪುಸ್ತಕ ಎಲ್ಲಿತ್ತು? ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾಗಿದ್ದೇ 1817ರಲ್ಲಿ, ಅಂದ್ರೆ ಈ ವರದಿಗೆ ಆರು ವರ್ಷ ಮೊದಲು ಅಷ್ಟೇ. ಊರಿನ ಶಾಲೆಯಲ್ಲಿ ಇರ್ತಿದ್ದಿದ್ದು ಓಲೆಗರಿ, ಕಡತ. ತಲೆಗೊಂದು ಪ್ರತಿ ಅನ್ನೋ ಮಾತೇ ಇಲ್ಲ. ಅಂಥಾ ಕಡೆ ನೆನಪೇ ಪುಸ್ತಕ. ಓದು ಬರಹ ಇಲ್ಲದವರಿಗೂ ಗಮಕಿ ಹಾಡಿ, ಇನ್ನೊಬ್ಬರು ಅರ್ಥ ಹೇಳಿ ಕುಮಾರವ್ಯಾಸ ಭಾರತ ತಲುಪಿದ್ದು ಹೀಗೇ, ಬಾಯಿಂದ ಕಿವಿಗೆ. ಅಂದ್ರೆ ಬಾಯಿಪಾಠದ ಪಕ್ಕದಲ್ಲಿ ವ್ಯಾಖ್ಯಾನ ಕೂತಿರ್ತಿತ್ತು. ವ್ಯಾಖ್ಯಾನ ಇಲ್ಲದ ಕಡೆ ಗಿಣಿಪಾಠ.

ಇನ್ನೊಂದು ಮುಖ್ಯ ವ್ಯತ್ಯಾಸ: ಬಳ್ಳಾರಿಯ ಆ ಹುಡುಗನಿಗೆ ಪದ್ಯ ಒಪ್ಪಿಸಿದ್ರೆ ಸರ್ಕಾರಿ ಕೆಲಸ ಸಿಗ್ತಿರಲಿಲ್ಲ.

ಅದು ಬದಲಾಗಿದ್ದು 1844ರಲ್ಲಿ. ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣದಲ್ಲಿ ಮುಂದೆ ಬಂದವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಅಂತ ನಿರ್ಣಯ ಮಾಡಿದ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯ ಬಂದವು. ಶುರುವಿನಲ್ಲಿ ಇವು ಪಾಠ ಮಾಡ್ತಿರಲಿಲ್ಲ, ಪರೀಕ್ಷೆ ಮಾಡಿ ಪದವಿ ಕೊಡ್ತಿದ್ವು. ಕನ್ನಡ ನಾಡೂ ಈ ಪರೀಕ್ಷೆಗಳ ನಡುವೆ ಹಂಚಿಹೋಯ್ತು: ಧಾರವಾಡ, ಬೆಳಗಾವಿ ಬೊಂಬಾಯಿ ಕಡೆ, ಬಳ್ಳಾರಿ, ಮಂಗಳೂರು ಮದ್ರಾಸು ಕಡೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗೋವರೆಗೆ ಮೈಸೂರಿನ ಕಾಲೇಜುಗಳೂ ಮದ್ರಾಸಿನ ಪರೀಕ್ಷೆಗೇ ಕೂರಬೇಕಿತ್ತು.

ಪದ್ಯಕ್ಕೆ ಮಾರ್ಕ್ಸ್ ಬಂತು. ಮಾರ್ಕ್ಸ್‌ಗೆ ಸಂಬಳ ಬಂತು. ಅಲ್ಲಿಂದ ಬಾಯಿಪಾಠ ಒಂದು ಹೂಡಿಕೆ ಆಯ್ತು. 1902ರಲ್ಲಿ ಕರ್ಜನ್ ಕಾಲದ ವಿಶ್ವವಿದ್ಯಾಲಯ ಆಯೋಗ, ಪರೀಕ್ಷೆಗೋಸ್ಕರ ಪಾಠ ನಡೀತಿದೆ, ಇದೇ ದೊಡ್ಡ ರೋಗ ಅಂದಿತು. 1948-49ರ ರಾಧಾಕೃಷ್ಣನ್ ಆಯೋಗಕ್ಕೂ, ಒಂದೇ ಒಂದು ಸುಧಾರಣೆ ಹೇಳಿ ಅಂದ್ರೆ ಅದು ಪರೀಕ್ಷೆಯದ್ದೇ ಅನ್ನಿಸಿತ್ತು. ರೋಗ ಗೊತ್ತಿತ್ತು, ಔಷಧಿ ಕೊಡೋರು ಇರಲಿಲ್ಲ.

ಭಾಗ 4/7

ನಮ್ಮ ಮಕ್ಕಳನ್ನ ಗಿಣಿ ಅಂದವರ ಸ್ವಂತ ಊರಲ್ಲಿ ಏನಾಗ್ತಿತ್ತು? ಅದನ್ನೂ ನೋಡೋಣ. ನನಗೆ ಈ ಸರಣಿಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಅನ್ನೋ ರಾಜಕಾರಣಿ ಒಂದು ನಿಯಮ ತಂದ. ಇನ್ಸ್‌ಪೆಕ್ಟರ್ ಬಂದು ಮಕ್ಕಳಿಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡ್ತಾನೆ. ಎಷ್ಟು ಮಕ್ಕಳು ಪಾಸೋ ಅದರ ಮೇಲೆ ಶಾಲೆಗೆ ಅನುದಾನ. ಫಲಿತಾಂಶಕ್ಕೆ ತಕ್ಕ ಹಣ. ನಮ್ಮ ಕಾಮರ್ಸ್ ಭಾಷೆಯಲ್ಲಿ ಇನ್ಸೆಂಟಿವ್!

ಆ ಇನ್ಸ್‌ಪೆಕ್ಟರ್‌ಗಳಲ್ಲಿ ಒಬ್ಬ ಕವಿ ಮ್ಯಾಥ್ಯೂ ಆರ್ನಾಲ್ಡ್. ಶಾಲೆಗಳಲ್ಲಿ ತಾನು ಕಂಡಿದ್ದನ್ನ ಆತ ವರದಿಯಲ್ಲಿ ಬರೆದಿದ್ದಾನೆ. ವರ್ಷದ ಶುರುವಿನಲ್ಲಿ ಒಂದು ಪುಸ್ತಕ ಆರಿಸ್ತಾರೆ. ವರ್ಷವಿಡೀ ಅದೊಂದನ್ನೇ ತಿರುಗಾಮುರುಗಾ ಓದಿಸ್ತಾರೆ. ಇನ್ಸ್‌ಪೆಕ್ಟರ್ ಬಂದಾಗ ಅದೇ ಪುಸ್ತಕ ಕೈಗೆ ಕೊಡ್ತಾರೆ, ಮಗು ನಿರರ್ಗಳವಾಗಿ ಓದುತ್ತೆ. ಬೇರೆ ಯಾವ ಪುಸ್ತಕ ಕೊಟ್ಟರೂ ಓದೋಕೆ ಬರಲ್ಲ.

ಗಮನಿಸಿ. ಮಗುವಿನ ಕೈಯಲ್ಲಿ ಪುಸ್ತಕ ಇತ್ತು! ಪುಸ್ತಕ ತೆರೆದೇ ಇತ್ತು. ಆದರೂ ನಡೆದಿದ್ದು ಬಾಯಿಪಾಠದ ಪರೀಕ್ಷೆ. ಯಾಕಂದ್ರೆ ಏನು ಕೇಳ್ತಾರೆ ಅಂತ ಮೊದಲೇ ಗೊತ್ತಿತ್ತು, ಮತ್ತು ಅದರ ಮೇಲೆ ದುಡ್ಡು ನಿಂತಿತ್ತು.

ಪುಸ್ತಕ ತೆರೆದಿದೆಯೋ ಮುಚ್ಚಿದೆಯೋ ಅನ್ನೋದಕ್ಕಿಂತ ಪ್ರಶ್ನೆ ಹಳೇದೋ ಹೊಸದೋ ಅನ್ನೋದು ದೊಡ್ಡ ವಿಷಯ. ಇದನ್ನ ತಲೇಲಿಟ್ಕೊಂಡು ಮುಂದಿನ ಭಾಗಕ್ಕೆ ಬನ್ನಿ.

ಭಾಗ 5/7

ಅದೇ ಇಂಗ್ಲೆಂಡ್, ನೂರೈವತ್ತು ವರ್ಷ ಆದ ಮೇಲೆ.

ಅಲ್ಲಿ ಹದಿನಾರನೇ ವಯಸ್ಸಿಗೆ ಬರೆಯೋ ಜಿಸಿಎಸ್‌ಇ 1988ರಲ್ಲಿ ಮೊದಲ ಸಲ ನಡೀತು. ಅದರ ಇಂಗ್ಲಿಷ್ ಸಾಹಿತ್ಯ ಪರೀಕ್ಷೆಗೆ ಮಕ್ಕಳು ಪಠ್ಯಪುಸ್ತಕ ತಗೊಂಡು ಹೋಗೋ ಪದ್ಧತಿ ಬಹಳ ವರ್ಷ ಇತ್ತು. ಆಮೇಲೆ ಮೈಕಲ್ ಗೋವ್ ಶಿಕ್ಷಣ ಮಂತ್ರಿಯಾಗಿದ್ದಾಗ ಸುಧಾರಣೆ ಅಂತ ಹೊಸ ಪಠ್ಯಕ್ರಮ ತಂದ್ರು. 2015ರಿಂದ ಪಾಠ, 2017ರಲ್ಲಿ ಮೊದಲ ಪರೀಕ್ಷೆ. ಸಾಹಿತ್ಯ ಪರೀಕ್ಷೆಯಲ್ಲಿ ಪುಸ್ತಕ ಮುಚ್ಚಿತು.

ಒಂದು ಶೇಕ್ಸ್‌ಪಿಯರ್ ನಾಟಕ, ಒಂದು ಹತ್ತೊಂಬತ್ತನೇ ಶತಮಾನದ ಕಾದಂಬರಿ, ಒಂದು ಆಧುನಿಕ ಕೃತಿ, ಜೊತೆಗೆ ಪದ್ಯಗಳು. ಒಂದು ದೊಡ್ಡ ಪರೀಕ್ಷಾ ಮಂಡಳಿಯ ಪದ್ಯಗುಚ್ಛದಲ್ಲಿ 15 ಪದ್ಯ. ಪೇಪರ್‌ನಲ್ಲಿ ಒಂದು ಪದ್ಯ ಅಚ್ಚು ಹಾಕಿ ಕೊಡ್ತಾರೆ, ಅದಕ್ಕೆ ಹೋಲಿಸೋ ಇನ್ನೊಂದನ್ನ ನೆನಪಿನಿಂದ ತರಬೇಕು.

ಬದಲಾಯಿಸಿದವರ ವಾದದಲ್ಲೂ ಹುರುಳಿದೆ. ಪುಸ್ತಕ ಕೈಯಲ್ಲಿದ್ರೆ ಮಕ್ಕಳು ಪೂರ್ತಿ ಓದಲ್ಲ, ಪರೀಕ್ಷೆ ಹಾಲ್‌ನಲ್ಲೇ ಹುಡುಕ್ತಾ ಕೂರ್ತಾರೆ ಅನ್ನೋದು. ಆದರೆ ಆಗಿದ್ದೇನು? ಸಾಲು ಸಾಲು ಉದ್ಧರಣೆ ಚೀಟಿಗಳ ಮೇಲೆ ಬರೆದು ಉರು ಹೊಡೆಯೋದು ಶುರುವಾಯ್ತು. ಹಳೇ ಪದ್ಧತಿ ವಾಪಸ್ ಕೊಡಿ ಅಂತ ಆನ್‌ಲೈನ್ ಅರ್ಜಿಗೆ ಸಾವಿರಾರು ಜನ ಸಹಿ ಹಾಕಿದ್ರು. ಅಷ್ಟೊಂದು ಸಾಲು ನೆನಪಿಡಬೇಕಾಗಿಲ್ಲ ಅಂತ ಪರೀಕ್ಷೆ ನಡೆಸೋರೇ ಸಮಾಧಾನ ಹೇಳಬೇಕಾಯ್ತು.

ಇನ್ನೂ ತಮಾಷೆ ಅಂದ್ರೆ, ಕೊರೊನಾ ಆದ ಮೇಲೆ 2022ರಿಂದ ಅಲ್ಲಿ ಗಣಿತದ ಪರೀಕ್ಷೆಗೆ ಸೂತ್ರಗಳ ಹಾಳೆ ಕೊಡ್ತಿದ್ದಾರೆ. ಗಣಿತದ ಸೂತ್ರಕ್ಕೆ ಹಾಳೆ ಇದೆ, ಪದ್ಯಕ್ಕೆ ಇಲ್ಲ.

ಭಾಗ 6/7

ಈಗ ನಮ್ಮ ದೇಶಕ್ಕೆ ಬರೋಣ. 2026-27ರದ್ದು ನಮ್ಮ ಮೊದಲ ಪ್ರಯತ್ನ ಅಲ್ಲ.

2014ರಲ್ಲೇ ಸಿಬಿಎಸ್‌ಇ 9 ಮತ್ತು 11ನೇ ಕ್ಲಾಸಿಗೆ ಇಂಥದ್ದೊಂದು ಪದ್ಧತಿ ತಂದಿತ್ತು. ಒಂಬತ್ತನೇ ಕ್ಲಾಸಲ್ಲಿ ಹಿಂದಿ, ಇಂಗ್ಲಿಷೂ ಸೇರಿತ್ತು. ಓದೋ ಸಾಮಗ್ರಿಯನ್ನ ಸುಮಾರು ನಾಲ್ಕು ತಿಂಗಳು ಮೊದಲೇ ಕೊಡ್ತಿದ್ರು, ಪರೀಕ್ಷೆಯಲ್ಲೂ ಅದು ಮುಂದೆ ಇರ್ತಿತ್ತು. ನಾಲ್ಕು ತಿಂಗಳು ಕೈಯಲ್ಲಿದ್ರೆ ಏನಾಗುತ್ತೆ ಅಂತ ಆರ್ನಾಲ್ಡ್ ಮೊದಲೇ ಹೇಳಿಬಿಟ್ಟಿದ್ದ! ಮಕ್ಕಳ ಯೋಚನಾಶಕ್ತಿ ಬೆಳೀತಿಲ್ಲ ಅಂತ 2017-18ರ ಹೊತ್ತಿಗೆ ಅದನ್ನ ಕೈಬಿಟ್ರು.

2018ರಲ್ಲಿ ನಮ್ಮ ರಾಜ್ಯದಲ್ಲೂ ಈ ಮಾತು ಬಂತು. ಆಗ ಶಿಕ್ಷಣ ಮಂತ್ರಿಯಾಗಿದ್ದ ಎನ್. ಮಹೇಶ್ ಶಾಲೆಗಳಿಗೆ ಓಪನ್ ಬುಕ್ ಪರೀಕ್ಷೆ ತರೋ ಪ್ರಸ್ತಾಪ ಮುಂದಿಟ್ಟಿದ್ರು. ಪರ-ವಿರೋಧ ಜೋರಾಗೇ ನಡೀತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ರಾಜೀನಾಮೆ ಕೊಟ್ರು, ಪ್ರಸ್ತಾಪ ಪ್ರಸ್ತಾಪವಾಗೇ ಉಳೀತು.

2023ರ ಕೊನೆಯಲ್ಲಿ ಸಿಬಿಎಸ್‌ಇ ಮತ್ತೆ ಪ್ರಾಯೋಗಿಕವಾಗಿ ಮಾಡಿ ನೋಡಿತು. ಅದರಲ್ಲಿ ಮಕ್ಕಳಿಗೆ ಬಂದ ಅಂಕ ಶೇ. 12ರಿಂದ 47. ಪುಸ್ತಕ ಮುಂದೆ ಇಟ್ಕೊಂಡು!

"ನೋಡ್ಕೊಂಡು ಬರೆಯೋದು ಸುಲಭ" ಅನ್ನೋರು ಈ ಅಂಕಿ ಒಂದ್ಸಲ ನೋಡಬೇಕು. ಉತ್ತರ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಕೇಳಿದ್ರೆ ಪುಸ್ತಕ ಕೊಟ್ಟರೂ ಕಷ್ಟವೇ. ಎಂಟು ವರ್ಷ ಉರು ಹೊಡೆಸಿ ಒಂಬತ್ತನೇ ವರ್ಷ ದಿಢೀರ್ ಅಂತ "ಯೋಚಿಸಿ ಬರಿ" ಅಂದ್ರೆ ಮಗು ಏನು ಮಾಡಬೇಕು?

ಭಾಗ 7/7

ಕೊನೇ ಭಾಗ. ನನ್ನ ಅಭಿಪ್ರಾಯ.

ನಮ್ಮ ಎಸ್‌ಎಸ್‌ಎಲ್‌ಸಿ ಕನ್ನಡ ಪೇಪರ್ ತೆಗೆದು ನೋಡಿ. ಅದರಲ್ಲಿ ಎರಡು ಥರದ ಪ್ರಶ್ನೆ ಅಕ್ಕಪಕ್ಕದಲ್ಲೇ ಇವೆ. ಒಂದು ಕಡೆ ಕವಿಯ ಸ್ಥಳ, ಕಾಲ, ಕೃತಿ, ಬಿರುದು. ಪದ್ಯ ಪೂರ್ಣ ಮಾಡಿ. ಇನ್ನೊಂದು ಕಡೆ ಪದ್ಯವನ್ನೇ ಅಚ್ಚು ಹಾಕಿ ಕೊಟ್ಟು, ಅದರಲ್ಲಿರೋ ಮೌಲ್ಯ ಹಿಡಿದು ಸಾರಾಂಶ ಬರಿ ಅಂತಾರೆ. ಈ ಎರಡನೇದು ಆಗಲೇ ಓಪನ್ ಬುಕ್! ಆದರೆ ಗೈಡ್‌ನಲ್ಲಿ ಅದರ ಸಾರಾಂಶವೂ ರೆಡಿ ಇರುತ್ತೆ, ಮಕ್ಕಳು ಅದನ್ನೂ ಬಾಯಿಪಾಠ ಮಾಡ್ತಾರೆ. ಪದ್ಯ ಕಣ್ಣ ಮುಂದೆ ಇದ್ದರೂ ಅದನ್ನ ನೋಡೋದೇ ಇಲ್ಲ.

ನಾನು ಸಂಜೆ ಹತ್ತನೇ ಕ್ಲಾಸ್ ಮಕ್ಕಳಿಗೆ ಟ್ಯೂಷನ್ ಹೇಳ್ಕೊಡ್ತೀನಿ. ಅಪ್ಪ-ಅಮ್ಮನಿಗೆ ಓದು ಬರದ ಮನೆಯಿಂದ ಬರೋ ಮಕ್ಕಳಿಗೆ ಕವಿಪರಿಚಯ, ಕಂಠಪಾಠ ಪದ್ಯ ಅಂದ್ರೆ ಗ್ಯಾರಂಟಿ ಮಾರ್ಕ್ಸ್. ಕಷ್ಟಪಟ್ರೆ ಖಂಡಿತ ಸಿಗೋದು. ಅದನ್ನ ಕಿತ್ಕೊಂಡು, ಪಾಠ ಮಾತ್ರ ಹಳೇ ಥರಾನೇ ಮಾಡಿ, "ನಿನ್ನ ಸ್ವಂತ ಅಭಿಪ್ರಾಯ ಬರಿ" ಅಂದ್ರೆ ಮೊದಲು ಮುಳುಗೋದು ಇವರೇ. ಮನೇಲಿ ಪುಸ್ತಕದ ಬಗ್ಗೆ ಮಾತಾಡೋರಿರೋ ಮಕ್ಕಳು ಹೇಗೂ ದಡ ಸೇರ್ತಾರೆ. ಓಪನ್ ಬುಕ್ ಪರವಾಗಿ ಮಾತಾಡೋ ನಮ್ಮಂಥವರು ಈ ಲೆಕ್ಕ ಮರೀಬಾರದು.

ಹಾಗಂತ ಇರೋದೇ ಇರಲಿ ಅಂತ ನಾನು ಹೇಳಲ್ಲ. ಬಿಕಾಂ ವಿಷಯ ಹೇಳ್ತೀನಿ ಅಂದಿದ್ನಲ್ಲ. ಸಿಎ ಫೈನಲ್‌ನಲ್ಲಿ ಕೇಸ್ ಸ್ಟಡಿ ಇರೋ ಆರನೇ ಪೇಪರ್ ಓಪನ್ ಬುಕ್. ಅದನ್ನ ಯಾರೂ ಸುಲಭ ಅನ್ನಲ್ಲ. ಕಾನೂನಿನ ಸೆಕ್ಷನ್ ಪುಸ್ತಕದಲ್ಲಿದೆ, ಈ ಕಂಪನಿಗೆ ಅದು ಹೇಗೆ ಅನ್ವಯಿಸುತ್ತೆ ಅನ್ನೋದು ನಿನ್ನ ತಲೆಯಿಂದ ಬರಬೇಕು. ಲೆಕ್ಕ ನೋಡೋರಿಗೆ ಇಷ್ಟು ನಂಬಿಕೆ ಕೊಡೋದಾದ್ರೆ ಕವಿತೆ ಓದೋರಿಗೆ ಯಾಕೆ ಕೊಡಬಾರದು?

ನನಗೆ ಅನ್ಸೋದು ಹೀಗೆ. ಪದ್ಯ ಬಾಯಿಗೆ ಬರಲಿ, ಆದರೆ ಅದನ್ನ ಬಾಯಲ್ಲೇ ಕೇಳಿ. ಕ್ಲಾಸಲ್ಲಿ ರಾಗವಾಗಿಯೋ ಸುಮ್ಮನೆಯೋ ಹೇಳಿಸಿ, ಅರ್ಥ ಕೇಳಿ, ಆಂತರಿಕ ಅಂಕ ಕೊಡಿ. ಬರೆಯೋ ಪೇಪರ್‌ನಲ್ಲಿ ಪುಸ್ತಕ ಕೊಟ್ಟು, ಗೈಡ್‌ನಲ್ಲಿ ಸಿಗದ ಪ್ರಶ್ನೆ ಕೇಳಿ. ಅಂಥಾ ಪ್ರಶ್ನೆಗೆ ಉತ್ತರಿಸೋದನ್ನ ಆರನೇ ಕ್ಲಾಸಿಂದಲೇ ಕಲಿಸಿ. ಮೇಷ್ಟ್ರಿಗೆ ಮೊದಲು ಅಂಥಾ ಪ್ರಶ್ನೆ ತೆಗೆಯೋಕೆ ಸಮಯ, ತರಬೇತಿ ಕೊಡಿ. ಈ ಕೆಲಸ ಆಗದೆ ಬರೀ ಪುಸ್ತಕ ತೆರೆದ್ರೆ 2014ರದ್ದೇ ಕಥೆ.

ನಿಮಗೊಂದು ಪ್ರಶ್ನೆ. ಶಾಲೇಲಿ ಬಾಯಿಪಾಠ ಮಾಡಿದ ಯಾವ ಪದ್ಯ ಇನ್ನೂ ನೆನಪಿದೆ? ಅದರ ಅರ್ಥ ಯಾವಾಗ ಆಯ್ತು, ಆಗಲೇನಾ, ಎಷ್ಟೋ ವರ್ಷ ಆದ ಮೇಲಾ? ಕಾಮೆಂಟ್‌ನಲ್ಲಿ ಬರೀರಿ, ಎಲ್ಲಾನೂ ಓದ್ತೀನಿ. ಮೇಷ್ಟ್ರು, ಮಿಸ್ ಯಾರಾದ್ರೂ ಇದ್ರೆ ದಯವಿಟ್ಟು ನಿಮ್ಮ ಅನುಭವವನ್ನೂ ಸೇರಿಸಿ.

#ಕನ್ನಡ #ಇತಿಹಾಸ #ಪರೀಕ್ಷೆ #ಬಳ್ಳಾರಿ #ಬಾಯಿಪಾಠ