ವರ್ಷದ ಮೊದಲನೆಯ ಸಭೆ

ದೀಪಾವಳಿಯ ಸಮಯದಲ್ಲಿ ನಮ್ಮ ಪೇಟೆಯ ವರ್ತಕರು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸಿ, ಅದರ ಮೊದಲನೆಯ ಪುಟದಲ್ಲಿ ಶ್ರೀಕಾರವನ್ನು ಬರೆಯುವುದನ್ನು ಶ್ರೋತೃಗಳೆಲ್ಲರೂ ಬಲ್ಲರು. ಆ ಹೊತ್ತಿನಲ್ಲಿ ವ್ಯಾಪಾರವೇನೂ ಹೆಚ್ಚಾಗಿ ನಡೆಯುವುದಿಲ್ಲ. ಆದರೂ ಹಳೆಯ ಲೆಕ್ಕ ಮುಗಿದು ಹೊಸ ಲೆಕ್ಕ ಮೊದಲಾಯಿತೆಂಬುದು ಯಜಮಾನನಿಗೂ ಗುಮಾಸ್ತನಿಗೂ ಗಿರಾಕಿಗೂ ಸಮನಾಗಿ ತಿಳಿಯುತ್ತದೆ. ಊರಿನ ಆಡಳಿತಕ್ಕೂ ಇಂಥದೊಂದು ದಿನ ಇರುವುದುಂಟು. ಅಮೆರಿಕದ ಟೌನ್‌ಷಿಪ್ಪುಗಳೆಂಬ ಗ್ರಾಮಮಂಡಲಗಳಲ್ಲಿ ವರ್ಷಕ್ಕೊಮ್ಮೆ ಸೇರುವ ವ್ಯವಸ್ಥಾಪನಾ ಸಭೆಯ ದಿನವೇ ಅದು. ನೋಡುವುದಕ್ಕೆ ಅತ್ಯಂತ ನೀರಸವಾದ ಈ ಸಭೆಯ ಹಿಂದೆ ಇರುವ ಚರಿತ್ರೆಯು ನೀರಸವಾದುದಲ್ಲ.

ಈ ಪದ್ಧತಿಯ ಪೂರ್ವಿಕರಲ್ಲಿ ಪ್ರಖ್ಯಾತವಾದುದನ್ನು ಹುಡುಕಿದರೆ ನಾವು ಹದಿನೇಳನೆಯ ಶತಮಾನದ ಮ್ಯಾಸಚೂಸೆಟ್ಸ್ ವಸಾಹತಿಗೆ ಹೋಗಿ ನಿಲ್ಲುತ್ತೇವೆ. ಅಲ್ಲಿಯ ಶಾಸನಸಭೆಯು 1636ರಲ್ಲಿ ಒಂದು ನಿಯಮವನ್ನು ಮಾಡಿ, ಪ್ರತಿಯೊಂದು ಊರಿನವರೂ ತಮ್ಮ ಭೂಮಿಯನ್ನು ತಾವೇ ಹಂಚಿಕೊಳ್ಳಬಹುದು, ತಮ್ಮ ಅಧಿಕಾರಿಗಳನ್ನು ತಾವೇ ಆರಿಸಿಕೊಳ್ಳಬಹುದು ಎಂದು ವಿಧಿಸಿತು. ಚಳಿಗಾಲ ಕಳೆದು ನೇಗಿಲು ಹೂಡುವ ಕಾಲ ಸಮೀಪಿಸುತ್ತಲೇ ಊರಿನ ಜನರು ಸಭಾಮಂದಿರದಲ್ಲಿ ಸೇರುತ್ತಿದ್ದರು. ಊರ ಹಿರಿಯರಾಗಿ ಆಡಳಿತ ನಡೆಸತಕ್ಕವರು, ದಫ್ತರವನ್ನಿಡುವ ಗುಮಾಸ್ತ, ಶಾಂತಿಪಾಲಕ, ರಸ್ತೆಗಳ ಮೇಲ್ವಿಚಾರಕ, ಬೇಲಿಗಳನ್ನು ಪರೀಕ್ಷಿಸುವವನು, ಕೊನೆಗೆ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹಿಡಿದು ಕಟ್ಟುವವನು—ಇವರೆಲ್ಲರೂ ಅಲ್ಲಿಯೇ ನೇಮಕವಾಗುತ್ತಿದ್ದರು. 1831ರಲ್ಲಿ ಆ ದೇಶದಲ್ಲಿ ಸಂಚರಿಸಿದ ಫ್ರೆಂಚ್ ವಿದ್ವಾಂಸನಾದ ಟೋಕ್‌ವಿಲ್ಲನು ಒಂದೊಂದು ಊರಿನಲ್ಲಿಯೂ ಇಂಥ 19 ಮುಖ್ಯ ಹುದ್ದೆಗಳನ್ನು ಎಣಿಸಿದನು. ಹೊಣೆಯನ್ನು ಹೀಗೆ ಅನೇಕರಿಗೆ ಹಂಚಿದುದರಿಂದ ಊರು ಯಾರೊಬ್ಬನ ಸೊತ್ತೂ ಆಗಲಿಲ್ಲ. ಆದರೆ ಸತ್ಯವನ್ನು ಮರೆಮಾಡಬಾರದು: ಆ ಕಾಲದ ಸಭೆಗಳಲ್ಲಿ ಸ್ತ್ರೀಯರಿಗೆ ಮತವಿರಲಿಲ್ಲ, ಆಸ್ತಿಯಿಲ್ಲದ ಅನೇಕ ಪುರುಷರಿಗೂ ಇರಲಿಲ್ಲ.

ಇಂಥ ಸಭೆಯ ಬೆಲೆಯೇನೆಂಬುದನ್ನು ಅದರ ಮಿತ್ರರಿಗಿಂತಲೂ ಶತ್ರುಗಳೇ ಚೆನ್ನಾಗಿ ಅರಿತಿದ್ದರು. 1773ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಜನರು ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಮೇಲೆ, ಬ್ರಿಟಿಷ್ ಪಾರ್ಲಿಮೆಂಟು 1774ರಲ್ಲಿ ಒಂದು ಕಠಿನವಾದ ಶಾಸನವನ್ನು ಮಾಡಿತು. ಅದರ ಪ್ರಕಾರ ಆಗಸ್ಟ್ 1ರಿಂದ ಮುಂದೆ ಗವರ್ನರನ ಲಿಖಿತ ಅಪ್ಪಣೆಯಿಲ್ಲದೆ ಯಾವ ಊರಿನಲ್ಲಿಯೂ ಸಭೆಯನ್ನು ಕರೆಯತಕ್ಕದ್ದಲ್ಲ. ಆದರೆ ಅಷ್ಟು ಕೋಪದಲ್ಲಿಯೂ ಪಾರ್ಲಿಮೆಂಟು ಊರಿನ ಅಧಿಕಾರಿಗಳನ್ನು ಆರಿಸುವ ವಾರ್ಷಿಕ ಸಭೆಯನ್ನು ಮಾತ್ರ ತಡೆಯಲಿಲ್ಲ. ಅದಿಲ್ಲದಿದ್ದರೆ ರಸ್ತೆಯನ್ನು ನೋಡಿಕೊಳ್ಳುವವರೂ ಇರುತ್ತಿರಲಿಲ್ಲ, ತೆರಿಗೆಯನ್ನು ಎತ್ತುವವರೂ ಇರುತ್ತಿರಲಿಲ್ಲ!

ಬಾಸ್ಟನ್ನಿನವರ ಜಾಣ್ಮೆಯನ್ನು ಇಲ್ಲಿ ನೋಡಬೇಕು. ಗವರ್ನರ್ ಗೇಜನು ಊರಿನ ಹಿರಿಯರನ್ನು ಕರೆಸಿ, ಹೊಸ ಶಾಸನವನ್ನು ತಿಳಿಸಿ, ಇನ್ನು ಸಭೆ ಕೂಡದೆಂದನು. ತಾವು ಹೊಸ ಸಭೆಯನ್ನು ಕರೆಯುವುದೇ ಇಲ್ಲವೆಂದೂ, ಹಿಂದೆ ಸೇರಿದ ಸಭೆಯನ್ನೇ ಮುಂದಿನ ದಿನಕ್ಕೆ ಹಾಕಿದ್ದೇವೆಂದೂ ಅವರು ವಿನಯದಿಂದ ಅರಿಕೆ ಮಾಡಿಕೊಂಡರು. ಹೀಗೆ ಮುಂದೂಡುತ್ತ ಹೋದರೆ ಹತ್ತು ವರ್ಷವಾದರೂ ಸಭೆ ಮುಗಿಯಲಾರದಲ್ಲ ಎಂದು ಗೇಜನು ಬೇಸರಪಟ್ಟನಂತೆ. ಆ ವರ್ಷದ ಶರತ್ಕಾಲದ ಹೊತ್ತಿಗೆ ಬಾಸ್ಟನ್ನಿನ ಹೊರಗೆ ಗವರ್ನರನ ಮಾತು ನಡೆಯದಾಯಿತು. ಊರಿನ ಸಭೆಯ ಮಾತು ನಡೆಯುತ್ತಿತ್ತು.

ಮ್ಯಾಸಚೂಸೆಟ್ಸಿನಲ್ಲಿ ಊರಿಗೆ ಊರೇ ಸಭೆ ಸೇರುತ್ತಿದ್ದರೆ, 1681ರಲ್ಲಿ ಸನ್ನದು ಪಡೆದ ಪೆನ್ಸಿಲ್ವೇನಿಯಾದಲ್ಲಿ ಬೇರೊಂದು ದಾರಿ ಬೆಳೆಯಿತು. ಅಲ್ಲಿ ಆಳುವ ಕೆಲಸವು ಚುನಾಯಿತರಾದ ಕೆಲವರ ಪಾಲಿಗೆ ಬಂದಿತು. ಇವರಿಗೆ ಮೇಲ್ವಿಚಾರಕರೆಂದು ಹೆಸರು. ಮೊದಲು ರಸ್ತೆಗಳನ್ನು ನೋಡಿಕೊಳ್ಳುವುದೇ ಇವರ ಉದ್ಯೋಗವಾಗಿದ್ದುದರಿಂದ ಆ ಹೆಸರು ನಿಂತಿತು. ಎರಡನೆಯ ದರ್ಜೆಯ ಟೌನ್‌ಷಿಪ್ಪುಗಳು ಅಲ್ಲಿ 1,400ಕ್ಕೂ ಹೆಚ್ಚಾಗಿವೆ. ಒಂದೊಂದರ ಮಂಡಲಿಯಲ್ಲಿಯೂ ಮೂವರು ಅಥವಾ ಐವರು ಇರುತ್ತಾರೆ. ಅವರ ಅಧಿಕಾರಾವಧಿ ಆರು ವರ್ಷ. ಆದರೆ ಆರು ವರ್ಷದ ಅಧಿಕಾರವಿದ್ದರೂ ಪ್ರತಿ ಜನವರಿಯ ಮೊದಲನೆಯ ಸೋಮವಾರ, ಅದು ರಜಾದಿನವಾದರೆ ಮಾರನೆಯ ದಿನ, ಅವರು ಮಂಡಲಿಯನ್ನು ಹೊಸದಾಗಿ ವ್ಯವಸ್ಥೆಗೊಳಿಸಬೇಕು. ದಿನವನ್ನು ಶಾಸನವೇ ಗೊತ್ತುಮಾಡಿರುವುದರಿಂದ ಸಭೆಯನ್ನು ಕರೆಯುವುದಾಗಲಿ ಕರೆಯದಿರುವುದಾಗಲಿ ಅಧ್ಯಕ್ಷನ ಇಚ್ಛೆಗೆ ಸೇರಿದುದಲ್ಲ.

ಆ ದಿನದ ಕಾರ್ಯಕ್ರಮವು ಹೀಗಿರುತ್ತದೆ. ಮೊದಲು ಅಧ್ಯಕ್ಷನನ್ನೂ ಆಮೇಲೆ ಉಪಾಧ್ಯಕ್ಷನನ್ನೂ ಆರಿಸುತ್ತಾರೆ. ಕಾರ್ಯದರ್ಶಿಯನ್ನೂ ಖಜಾಂಚಿಯನ್ನೂ ನೇಮಿಸುತ್ತಾರೆ. ಖಜಾಂಚಿಯು ಎಷ್ಟು ಮೊತ್ತಕ್ಕೆ ಜಾಮೀನು ಕೊಡಬೇಕು, ಊರಿನ ಹಣ ಯಾವ ಬ್ಯಾಂಕಿನಲ್ಲಿರಬೇಕು, ತಿಂಗಳ ಸಭೆಗಳು ಯಾವ ದಿನ ಎಲ್ಲಿ ಸೇರಬೇಕು ಎಂಬುದನ್ನು ನಿರ್ಣಯಿಸುತ್ತಾರೆ. ಮಂಡಲಿಗೆ ಸೇರದ ಮತದಾರನೊಬ್ಬನನ್ನೂ ಆಗಲೇ ಗೊತ್ತುಮಾಡಿಡುತ್ತಾರೆ. ನಡುವೆ ಒಂದು ಸ್ಥಾನ ತೆರವಾಗಿ, 30 ದಿನಗಳೊಳಗೆ ಅದನ್ನು ತುಂಬುವುದರಲ್ಲಿ ಉಳಿದವರಿಗೆ ಒಮ್ಮತ ಬಾರದಿದ್ದರೆ, ಆ ಮತದಾರನು ಅವರೊಡನೆ ಕುಳಿತು, ತಾನೇ ಅಧ್ಯಕ್ಷನಾಗಿ, ಗಂಟನ್ನು ಬಿಡಿಸಬೇಕು. ಜಗಳ ಹುಟ್ಟುವುದಕ್ಕೆ ಮುಂಚೆಯೇ ಪಂಚಾಯಿತಿದಾರನನ್ನು ಗೊತ್ತುಮಾಡುವ ವಿವೇಕವಿದು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಮಾರನೆಯ ದಿನದ ಕೆಲಸ. ಸಣ್ಣ ಟೌನ್‌ಷಿಪ್ಪುಗಳಲ್ಲಿ ಮೇಲ್ವಿಚಾರಕರು ತಾವೇ ಕೂಲಿ ಪಡೆದು ರಸ್ತೆಯ ದುರಸ್ತಿಯನ್ನೂ ಹಿಮ ತೆಗೆಯುವ ಕೆಲಸವನ್ನೂ ಮಾಡುವುದುಂಟು. ಆ ಕೂಲಿಯ ದರವನ್ನು ಗೊತ್ತುಮಾಡುವ ಅಧಿಕಾರ ಮಾತ್ರ ಅವರಿಗಿಲ್ಲ. ಜನರಿಂದ ಪ್ರತ್ಯೇಕವಾಗಿ ಚುನಾಯಿತರಾದ ಲೆಕ್ಕಪರಿಶೋಧಕರು ಮಾರನೆಯ ದಿನ ಅದೇ ಸ್ಥಳದಲ್ಲಿ ಸೇರಿ ಅದನ್ನು ನಿರ್ಧರಿಸುತ್ತಾರೆ. ಅಳೆಯುವ ಕೊಳಗ ಒಬ್ಬನ ಕೈಯಲ್ಲಿ, ತುಂಬಿಸಿಕೊಳ್ಳುವ ಚೀಲ ಇನ್ನೊಬ್ಬನ ಕೈಯಲ್ಲಿ ಇರಬೇಕೆಂಬುದೇ ಇದರ ತಾತ್ಪರ್ಯ.

ಇಷ್ಟನ್ನೂ ಕೇಳಿದ ಮೇಲೆ, ಈ ಸಾಮಾನ್ಯವಾದ ಕಟ್ಟಳೆಗಳಲ್ಲಿ ಹೆಚ್ಚೇನಿದೆ ಎಂದು ಕೆಲವರು ಕೇಳಬಹುದು. ಊರಿನ ಹಿತವನ್ನು ಕೆಡಿಸುವವರು ಯಾವಾಗಲೂ ದುಷ್ಟರೇ ಆಗಿರಬೇಕಾಗಿಲ್ಲ ಎಂಬುದೇ ನಮ್ಮ ಉತ್ತರ. ಹತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತ ಒಳ್ಳೆಯವನೂ ಆ ಕುರ್ಚಿ ತನ್ನದೆಂದು ನಂಬತೊಡಗುತ್ತಾನೆ. ಹಳೆಯ ಅಧ್ಯಕ್ಷನನ್ನೇ ಮತ್ತೆ ಆರಿಸಿದರೂ, ಅವನನ್ನು ಒಮ್ಮೆ ಹೆಸರು ಹೇಳಿ, ಮತ ಕೇಳಿ, ಕೂರಿಸಬೇಕು. ಆ ಒಂದು ಕ್ಷಣದಲ್ಲಿ ಅಧಿಕಾರವು ಅವನ ಕೈಯಿಂದ ಜಾರಿ, ಮತ್ತೆ ಅವನ ಕೈಗೆ ಬರುತ್ತದೆ. ಅದು ಕೊಟ್ಟದ್ದು, ಹುಟ್ಟಿನಿಂದ ಬಂದದ್ದಲ್ಲ ಎಂದು ಅವನಿಗೂ ನೆನಪಾಗುತ್ತದೆ.

ಕೇಳುವವರ ಕುರ್ಚಿಗಳು ಬರಿದಾಗಿದ್ದರೂ ಈ ಸಭೆ ನಡೆದೇ ನಡೆಯುತ್ತದೆ; ಶಾಸನವು ಅಷ್ಟನ್ನು ಮಾಡಬಲ್ಲುದು. ಆ ಕುರ್ಚಿಗಳನ್ನು ತುಂಬುವ ಶಕ್ತಿ ಶಾಸನಕ್ಕಿಲ್ಲ. ಗವರ್ನರನು ಬೇಡವೆಂದಾಗ ಉಪಾಯದಿಂದ ಸಭೆಯನ್ನು ಉಳಿಸಿಕೊಂಡವರ ಚರಿತ್ರೆಯನ್ನು ಓದುವ ನಾವು, ಯಾರೂ ಬೇಡವೆನ್ನದಿರುವಾಗ ನಮ್ಮ ನಮ್ಮ ಊರಿನ ಸಭೆಗೆ ಎಷ್ಟು ಸಲ ಹೋಗಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.