ಪದ ಪರಿಚಯ: ಮೌಂಟಿಂಗ್

ಗ್ಯಾರೇಜಿನಲ್ಲಿ ‘ಮೌಂಟಿಂಗ್ ಹೋಗಿದೆ’ ಎಂದರೆ ಇಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರ್ ಹರಿದಿದೆ ಎಂದರ್ಥ. ಪದದ ಬೇರು ಲ್ಯಾಟಿನ್ನಿನ ‘ಮೋನ್ಸ್’, ಅಂದರೆ ಬೆಟ್ಟ. ಅದರಿಂದ ಫ್ರೆಂಚಿನಲ್ಲಿ ಹತ್ತುವುದು, ಇಂಗ್ಲಿಷಿನಲ್ಲಿ ಕುದುರೆ ಏರುವುದು, ಮುಂದೆ ಒಂದರ ಮೇಲೊಂದನ್ನು ಕೂರಿಸುವುದು ಎಂಬ ಅರ್ಥಗಳು ಬಂದವು. 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ರಬ್ಬರ್ ಮೌಂಟಿಂಗ್ ವ್ಯವಸ್ಥೆಯನ್ನು ‘ಫ್ಲೋಟಿಂಗ್ ಪವರ್’ ಎಂದು ಕರೆದು ಮಾರಿತು.

ಹಳೇ ಜೀಪಿಗೆ ಬೇರೆ ಡೀಸೆಲ್ ಇಂಜಿನ್ ಕೂರಿಸಿ ಕಾಡುದಾರಿಗೆ ಇಳಿಸುವವರು ಮೌಂಟಿಂಗ್ ವಿಚಾರದಲ್ಲಿ ಉಳಿತಾಯ ನೋಡಲೇಬಾರದು. ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮೂರೂ ಒಂದಕ್ಕೊಂದು ಬೋಲ್ಟ್ ಆಗಿದ್ದರೆ, ಇಂಜಿನ್ನಿನ 200 ನ್ಯೂಟನ್-ಮೀಟರ್ ಟಾರ್ಕ್ ಫಸ್ಟ್ ಗೇರಿನಲ್ಲಿ ನಾಲ್ಕು ಪಟ್ಟು, ಲೋ ರೇಂಜಿನಲ್ಲಿ ಮತ್ತೆರಡು ಪಟ್ಟು ಬೆಳೆದು 1600 ಆಗುತ್ತದೆ. ಅಷ್ಟೂ ತಿರುಚುವಿಕೆಯನ್ನು ತಡೆಯಬೇಕಾದದ್ದು ಮೌಂಟಿಂಗ್‌ಗಳೇ. ರಬ್ಬರ್ ಕಿತ್ತರೆ ಇಂಜಿನ್ ಒಂದು ಬದಿಗೆ ಎದ್ದು ಫ್ಯಾನ್ ರೇಡಿಯೇಟರನ್ನು ಸೀಳಬಹುದು. ಹಾಗೆಂದು ಬರೀ ಕಬ್ಬಿಣದಲ್ಲಿ ಬಿಗಿದರೆ, ಹಳ್ಳದಲ್ಲಿ ಚಾಸಿ ತಿರುಚಿದಾಗ ಗೇರ್‌ಬಾಕ್ಸಿನ ಕಿವಿಗಳು ಬಿರುಕು ಬಿಡುತ್ತವೆ. ಪಾಲಿಯುರೆಥೇನ್ ಗಟ್ಟಿ, ಆದರೆ ಡೀಸೆಲ್ಲಿನ ನಡುಕವನ್ನು ಸೀಟಿನವರೆಗೂ ತರುತ್ತದೆ. ರಬ್ಬರ್ ಹರಿದರೂ ಎರಡು ಲೋಹದ ತಟ್ಟೆಗಳು ಬೇರ್ಪಡದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ಮೌಂಟಿಂಗ್ ಸಿಕ್ಕರೆ ಅದನ್ನೇ ಹಾಕಿಸಿ.