ವ್ಯಾಯಾಮದ ಉಡುಪಿನಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವಿಕೆ: ಸುರಕ್ಷಿತ ಹೋಲ್‌ಸ್ಟರ್ ಆಯ್ಕೆ ಕುರಿತು ಪರವಾನಗಿದಾರರಿಗೆ ಮಾಹಿತಿ

ಆಯುಧ ಅಧಿನಿಯಮ, 1959ರ ಅಡಿಯಲ್ಲಿ ಆತ್ಮರಕ್ಷಣೆಗಾಗಿ ಪಿಸ್ತೂಲು ಅಥವಾ ರಿವಾಲ್ವರ್ ಪರವಾನಗಿ ಪಡೆದವರು ಅದನ್ನು ಸಾರ್ವಜನಿಕ ಸ್ಥಳದಲ್ಲಿ ಯಾವ ರೀತಿ ಒಯ್ಯಬೇಕೆಂಬುದನ್ನು ಆಯುಧ ನಿಯಮಗಳು, 2016ರ 32ನೇ ನಿಯಮವು ಗೊತ್ತುಪಡಿಸಿರುತ್ತದೆ. ಸದರಿ ನಿಯಮದಂತೆ ಆಯುಧವು ಅದಕ್ಕೆಂದೇ ತಯಾರಾದ, ಮೈಗೆ ಬಿಗಿದುಕೊಂಡ ಹೋಲ್‌ಸ್ಟರ್‌ನಲ್ಲಿ (ಒರೆಯಲ್ಲಿ) ಅಥವಾ ಬೆನ್ನುಚೀಲದಂತಹ ಚೀಲದಲ್ಲಿ ಇರತಕ್ಕದ್ದು, ಪೂರ್ಣವಾಗಿ ಮುಚ್ಚಿರತಕ್ಕದ್ದು, ಒಯ್ಯುವವರ ಪರಿಣಾಮಕಾರಿ ಹತೋಟಿಯಲ್ಲಿಯೂ ಇರತಕ್ಕದ್ದು. ಗಟ್ಟಿ ಬೆಲ್ಟು, ಸಡಿಲ ಅಂಗಿ ತೊಟ್ಟವರಿಗೆ ಇದು ಕಷ್ಟವಲ್ಲ. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಧರಿಸಿ ಬೆಳಗಿನ ನಡಿಗೆಗೆ ಹೊರಡುವವರಿಗೆ ಈ ಮೂರನ್ನೂ ಒಟ್ಟಿಗೆ ಪಾಲಿಸುವುದು ಸುಲಭವಲ್ಲ.

ಒಯ್ಯಬಹುದಾದ ಸ್ಥಳವೇ ಎಂಬುದು ಮೊದಲ ಪ್ರಶ್ನೆ

ಜಾತ್ರೆ, ಧಾರ್ಮಿಕ ಮೆರವಣಿಗೆ, ಇತರೆ ಸಾರ್ವಜನಿಕ ಕೂಟ ಹಾಗೂ ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಆಯುಧ ಒಯ್ಯಬಾರದೆಂಬುದು ಪರವಾನಗಿಯ ಷರತ್ತಾಗಿರುತ್ತದೆ. ಎಷ್ಟೋ ಊರುಗಳಲ್ಲಿ ಬೆಳಗಿನ ನಡಿಗೆಯ ಜಾಗವೆಂದರೆ ಶಾಲೆಯ ಅಥವಾ ಕಾಲೇಜಿನ ಮೈದಾನವೇ ಆಗಿರುವುದರಿಂದ ಈ ಷರತ್ತು ಅರಿವಿಲ್ಲದೆಯೇ ಉಲ್ಲಂಘನೆಯಾಗುವ ಸಂಭವ ಹೆಚ್ಚು. ರಜಾ ದಿನವಾಗಿದ್ದರೂ, ಗೇಟು ತೆರೆದಿದ್ದರೂ ಅದು ಶಿಕ್ಷಣ ಸಂಸ್ಥೆಯ ಆವರಣವೇ. ನೂರಾರು ಜನ ಸೇರುವ ಮ್ಯಾರಥಾನ್ ಓಟಕ್ಕೂ ಆಯುಧದೊಡನೆ ಹೋಗುವುದು ಸಲ್ಲದು. ಜಿಮ್, ಈಜುಕೊಳ, ಷಟಲ್ ಅಂಕಣಗಳಲ್ಲಿ ಬಟ್ಟೆ ಬದಲಿಸಬೇಕಾಗುತ್ತದೆ, ಚೀಲವನ್ನು ಗೂಟಕ್ಕೆ ನೇತುಹಾಕಬೇಕಾಗುತ್ತದೆ. ಆ ಕ್ಷಣದಿಂದ ಆಯುಧ ಹತೋಟಿಯಲ್ಲಿ ಇರುವುದಿಲ್ಲ. ಇಂತಹ ಕಡೆ ಯಾವ ಹೋಲ್‌ಸ್ಟರ್ ಕೂಡ ಪರಿಹಾರವಲ್ಲ. ಆಯುಧವನ್ನು ಮನೆಯಲ್ಲಿ ಬೀಗ ಹಾಕಿ ಇರಿಸಿ ಹೋಗುವುದೇ ಸರಿಯಾದ ಕ್ರಮ.

ಟ್ರಿಗರ್ ರಕ್ಷಣೆ

ಹೋಲ್‌ಸ್ಟರ್ ಆರಿಸುವಾಗ ಮರೆಮಾಚುವ ಗುಣಕ್ಕಿಂತ ಮೊದಲು ನೋಡಬೇಕಾದುದು ಟ್ರಿಗರ್ ಭಾಗವನ್ನು. ಟ್ರಿಗರ್ ಮತ್ತು ಅದರ ಸುತ್ತಲಿನ ಗಾರ್ಡ್ ಪೂರ್ತಿ ಮುಚ್ಚಿರಬೇಕು. ಮುಚ್ಚುವ ವಸ್ತು ಹೊರಗಿನಿಂದ ಬೆರಳಿನಿಂದ ಒತ್ತಿದರೂ ಒಳಕ್ಕೆ ಬಗ್ಗದಷ್ಟು ಗಟ್ಟಿಯಾಗಿರಬೇಕು. ಅಚ್ಚಿನಲ್ಲಿ ತಯಾರಿಸಿದ ಗಟ್ಟಿ ಪ್ಲಾಸ್ಟಿಕ್ ಅಥವಾ ದಪ್ಪ ಚರ್ಮ ಇದಕ್ಕೆ ಸೂಕ್ತ. ತೆಳು ಬಟ್ಟೆಯ ಒರೆಗಳು ಅಗ್ಗವೂ ಹಗುರವೂ ಆಗಿದ್ದರೂ, ಆಯುಧ ಹೊರತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತವೆ. ಮತ್ತೆ ಒಳಸೇರಿಸುವಾಗ ಮಡಿಕೆಯೊಂದು ಟ್ರಿಗರ್‌ಗೆ ಸಿಲುಕಿದರೆ ಗುಂಡು ಹಾರಬಹುದು. ಟ್ರ್ಯಾಕ್ ಪ್ಯಾಂಟಿನ ಲಾಡಿ ಮತ್ತು ಜಾಕೆಟ್ಟಿನ ದಾರದ ತುದಿಯ ಗುಬುಟು ಇದೇ ಅಪಾಯವನ್ನು ತರುತ್ತವೆ. ಲಾಡಿಯನ್ನು ಒಳಕ್ಕೆ ಸೇರಿಸಿ ಕಟ್ಟಬೇಕು. ಒರೆಯಿಲ್ಲದೆ ಜೇಬಿನಲ್ಲಿ ಅಥವಾ ಸೊಂಟದ ಎಲಾಸ್ಟಿಕ್‌ಗೆ ಸಿಕ್ಕಿಸಿ ಒಯ್ಯುವುದು ಅಪಾಯಕಾರಿ ಮಾತ್ರವಲ್ಲ, ನಿಯಮಬಾಹಿರವೂ ಹೌದು.

ಸೊಂಟದ ಆಧಾರ

ಹಗುರವೆಂದು ಹೆಸರಾದ, ಕಾನ್ಪುರದಲ್ಲಿ ತಯಾರಾಗುವ .32 ಬೋರ್ ನಿರ್ಭೀಕ್ ರಿವಾಲ್ವರ್ ಕೂಡ ಸುಮಾರು ಅರ್ಧ ಕಿಲೋ ತೂಗುತ್ತದೆ. ಬೆಲ್ಟಿಗೆಂದು ಮಾಡಿದ ಕ್ಲಿಪ್ಪನ್ನು ಎಲಾಸ್ಟಿಕ್ ಸೊಂಟಪಟ್ಟಿಗೆ ಸಿಕ್ಕಿಸಿದರೆ ನಾಲ್ಕು ಹೆಜ್ಜೆ ಓಡುವುದರೊಳಗೆ ಪ್ಯಾಂಟು ಜಾರುತ್ತದೆ. ಆಯುಧ ಎಳೆದಾಗ ಹೋಲ್‌ಸ್ಟರ್ ಸಮೇತ ಕೈಗೆ ಬರುತ್ತದೆ. ಆದುದರಿಂದ ಉಡುಪಿನ ಒಳಗೆ ಪ್ರತ್ಯೇಕವಾದ ಗಟ್ಟಿ ಬೆಲ್ಟನ್ನು ಬಿಗಿದು, ಅದಕ್ಕೆ ಹೋಲ್‌ಸ್ಟರನ್ನು ಭದ್ರಪಡಿಸುವುದು ಉತ್ತಮ. ಹೊಟ್ಟೆಯ ಸುತ್ತ ಬಿಗಿಯುವ ಅಗಲ ಪಟ್ಟಿಯನ್ನು ಬಳಸುವುದಾದರೆ, ಟ್ರಿಗರ್ ಭಾಗಕ್ಕೆ ಗಟ್ಟಿ ಕವಚವಿರುವುದನ್ನೇ ಆರಿಸತಕ್ಕದ್ದು. ಓಟಗಾರರಿಗೆ ಸೊಂಟದ ಮುಂಭಾಗದ ಚೀಲ ಅನುಕೂಲಕರ. ಆದರೆ ಅದರೊಳಗೆ ಹೊಲಿದ ಅಥವಾ ಬಿಗಿದ ಒರೆ ಇರಬೇಕು. ಆಯುಧವಿರುವ ಖಾನೆಯಲ್ಲಿ ಬೀಗದ ಕೈ, ಮೊಬೈಲು, ಚಿಲ್ಲರೆ ಯಾವುದೂ ಇರಬಾರದು. ವಿಶ್ರಾಂತಿಗೆಂದು ಚೀಲ ಬಿಚ್ಚಿ ಉದ್ಯಾನದ ಬೆಂಚಿನ ಮೇಲಿಡುವ ಅಭ್ಯಾಸವುಳ್ಳವರು ಇದನ್ನು ಆರಿಸದಿರುವುದೇ ಲೇಸು. ಅಲ್ಲಿ ಮಕ್ಕಳೂ ಆಡುತ್ತಿರುತ್ತಾರೆ.

ಖರೀದಿಸಿದ ಮೇಲೆ ಪರೀಕ್ಷೆ

ಹೋಲ್‌ಸ್ಟರ್ ಆಯಾ ಮಾದರಿಯ ಆಯುಧಕ್ಕೆಂದೇ ತಯಾರಾಗಿರಬೇಕು. ಪರೀಕ್ಷೆಗೆ ಮುನ್ನ ಆಯುಧವನ್ನು ಪೂರ್ಣ ಖಾಲಿ ಮಾಡಿ, ಪಿಸ್ತೂಲಿನ ಚೇಂಬರನ್ನಾಗಲಿ ರಿವಾಲ್ವರಿನ ಸಿಲಿಂಡರನ್ನಾಗಲಿ ಕಣ್ಣಾರೆ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇರಿಸತಕ್ಕದ್ದು. ಬಳಿಕ ನಿತ್ಯದ ವ್ಯಾಯಾಮದ ಉಡುಪಿನಲ್ಲಿಯೇ ಬಗ್ಗಿ, ಕುಕ್ಕರಿಸಿ, ಜಿಗಿದು, ಮನೆಯೊಳಗೇ ಸ್ವಲ್ಪ ಓಡಿ ನೋಡಬೇಕು. ಆಯುಧ ಜಾರಿದರೆ, ಕೈ ಎತ್ತಿದಾಗ ಅಂಗಿಯ ಕೆಳಗೆ ಹಿಡಿ ಕಂಡರೆ, ಪಟ್ಟಿಯ ಒತ್ತಡಕ್ಕೆ ಪಿಸ್ತೂಲಿನ ಮ್ಯಾಗಜೀನ್ ಕಳಚಿದರೆ ಅಂತಹ ಹೋಲ್‌ಸ್ಟರ್ ಯೋಗ್ಯವಲ್ಲ. ಹಳೆಯ ರಿವಾಲ್ವರುಗಳಲ್ಲಿ ಹ್ಯಾಮರ್ ಗುಂಡಿಗೆ ತಾಗದಂತೆ ತಡೆಯುವ ವ್ಯವಸ್ಥೆ ಇಲ್ಲದಿದ್ದಲ್ಲಿ ಹ್ಯಾಮರ್ ಕೆಳಗಿನ ಕೋಣೆಯನ್ನು ಖಾಲಿ ಇಡತಕ್ಕದ್ದು.

ಬೆವರಿನ ಉಪ್ಪು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಚರ್ಮದ ಒರೆ ಬೆವರನ್ನು ಹೀರಿ ಹಿಡಿದಿಡುತ್ತದೆ. ವ್ಯಾಯಾಮದ ನಂತರ ಆಯುಧವನ್ನು ಒರೆಯಲ್ಲೇ ಬಿಡದೆ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡುವುದು ಅಗತ್ಯ.

ಕಾನೂನು ಕ್ರಮ

ಪರವಾನಗಿ ಷರತ್ತಿನ ಉಲ್ಲಂಘನೆಗೆ ಅಧಿನಿಯಮದ 30ನೇ ಪ್ರಕರಣದಡಿ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿರುತ್ತದೆ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಆಯುಧ ಬಳಸಿ ಇತರರ ಪ್ರಾಣಕ್ಕೆ ಅಪಾಯ ಒಡ್ಡಿದಲ್ಲಿ, 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹೊಸದಾಗಿ ಅರ್ಜಿ ಸಲ್ಲಿಸುವವರು ನಿಯಮಾನುಸಾರ ಪಡೆಯಬೇಕಾದ ಸುರಕ್ಷತಾ ತರಬೇತಿಯಲ್ಲಿ ಆಯುಧ ಒಯ್ಯುವ ವಿಧಾನವೂ ಸೇರಿರುತ್ತದೆ. ತಾವು ಬಳಸಲಿರುವ ಹೋಲ್‌ಸ್ಟರ್ ಬಗ್ಗೆ ಅಲ್ಲಿಯೇ ತರಬೇತುದಾರರನ್ನು ಕೇಳಿ ತಿಳಿಯಬಹುದು. ನಡಿಗೆಯ ದಾರಿಯಲ್ಲಿ ಆಯುಧ ಬಿದ್ದು ಕಳೆದುಹೋದಲ್ಲಿ ಕೂಡಲೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.